ಹತ್ತು ವರ್ಷದ ಬಣ್ಣದಲ್ಲಿ ಒಂದು ವರ್ಷದ ವಿಳಾಸ

ಗೆ,
ಮುಖ್ಯಾಧಿಕಾರಿಗಳು,
ಡೊಮೇನ್ ನೋಂದಣಿ ಕಚೇರಿ,
ಸಮುದ್ರದ ನಡುವಿನ ತಮ್ಮ ದೇಶ.

ಮಾನ್ಯರೇ,

ತಮಗೂ, ತಮ್ಮ ಕಚೇರಿಯ ಸಮಸ್ತ ಸಿಬ್ಬಂದಿಗೂ, ತಮ್ಮ ದೇಶವನ್ನು ನಾಲ್ಕೂ ಕಡೆಯಿಂದ ಕಾಯುತ್ತಿರುವ ನೀರಿಗೂ ನಮ್ಮ ಅಂಗಡಿಯ ಮೂವರ ಗೌರವಪೂರ್ವಕ ವಂದನೆಗಳು. ದೂರು ಹೇಳುವ ಮೊದಲು ನಾಲ್ಕು ವರ್ಷದಿಂದ ಬಚ್ಚಿಟ್ಟುಕೊಂಡ ಒಂದು ವಿಷಯವನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ತಮ್ಮ ದೇಶದಲ್ಲಿ ನಮ್ಮ ಅಂಗಡಿಯ ಶಾಖೆ ಇಲ್ಲ. ಯಾವತ್ತೂ ಇರಲಿಲ್ಲ. ಭೂಪಟದಲ್ಲಿ ತಾವು ಎಲ್ಲಿದ್ದೀರಿ ಎಂಬುದೂ ಕಳೆದ ವಾರದವರೆಗೆ ನನಗೆ ಗೊತ್ತಿರಲಿಲ್ಲ. ಆದರೂ ಗಿರಾಕಿಗಳು ನಮ್ಮ ಜಾಲತಾಣದ ವಿಳಾಸದ ತುದಿಯಲ್ಲಿರುವ ಚುಕ್ಕಿಯನ್ನೂ ಅದರ ಮುಂದಿನ ತಮ್ಮ ದೇಶದ ಎರಡಕ್ಷರವನ್ನೂ ನೋಡಿ, ಅಲ್ಲೂ ನಿಮ್ಮ ಅಂಗಡಿ ಇದೆಯಂತೆ ಎಂದು ಕೇಳಿದಾಗಲೆಲ್ಲ ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ತಲೆ ಬಗ್ಗಿಸಿ ಬ್ರಷ್ ತೊಳೆಯುತ್ತ ನಿಂತೆ. ನಮ್ಮ ಅಂಗಡಿಯ ಬ್ರಷ್‌ಗಳು ಇಷ್ಟು ಚೊಕ್ಕಟವಾಗಿರುವುದಕ್ಕೆ ಅದೇ ಕಾರಣ.

ಈ ಪತ್ರವನ್ನು ಅದೇ ಜಾಲತಾಣದ ಮೊದಲ ಪುಟದಲ್ಲಿ ಹಾಕಿದ್ದೇನೆ. ತಿಂಗಳ ಕೊನೆಯವರೆಗೆ ಅದು ನಮ್ಮದೇ ಎಂದು ತಾವು ದಯಮಾಡಿ ತಿಳಿಸಿರುವುದರಿಂದ ಅಲ್ಲಿಯವರೆಗೆ ಗಿರಾಕಿಗಳೂ ಇದನ್ನು ಓದಿಕೊಳ್ಳಲಿ.

ನಮ್ಮದು ಬೋರ್ಡು ಬರೆಯುವ ಅಂಗಡಿ. ಅಕ್ಷರ ಬರೆಯುವವರು ನನ್ನ ದೊಡ್ಡಮ್ಮ. ತಗಡು ಉಜ್ಜಿ, ಪ್ರೈಮರ್ ಬಳಿದು, ಏಣಿ ಹಿಡಿದು, ಉಳಿದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕುಳಿತು ಗಿರಾಕಿಗಳ ಜೊತೆ ಮಾತಾಡುವವರು ದೊಡ್ಡಪ್ಪ. ಏಣಿ ಹತ್ತುವವಳು ನಾನು. ಶಾಲೆಯನ್ನು ಹತ್ತನೇ ತರಗತಿಯ ನಡುವೆ ಬಿಟ್ಟೆ. ಒಂದು ದಿನ ರಜೆ ಹಾಕಿದ್ದಕ್ಕೆ ಕಾರಣ ಬರೆದು ತಾ ಎಂದರು, ಬರಲು ಮನಸ್ಸಿರಲಿಲ್ಲ ಎಂದು ಬರೆದೆ. ಜ್ವರ ಎಂದು ಬರೆದರೆ ಒಳಗೆ ಸೇರಿಸುತ್ತೇನೆ ಎಂದು ಮೇಷ್ಟ್ರು ಮೂರು ಸಲ ಪತ್ರ ವಾಪಸ್ ಕೊಟ್ಟರು, ಮೂರು ಸಲವೂ ನಾನು ಅದನ್ನೇ ಬರೆದೆ, ನಾಲ್ಕನೆಯ ಸಲ ಬರೆಯುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಅಷ್ಟು ಖಡಾಖಂಡಿತವಾಗಿದ್ದವಳು ತಮ್ಮ ಎರಡಕ್ಷರದ ಮುಂದೆ ಹೇಗೆ ಮೂಕಿಯಾದೆ ಎಂಬುದು ನನಗೇ ಆಶ್ಚರ್ಯ. ಮೇಷ್ಟ್ರ ಕೈಯಲ್ಲಾಗದ್ದನ್ನು ತಾವು ನನ್ನನ್ನು ನೋಡದೆಯೇ ಸಾಧಿಸಿದಿರಿ.

ಅಂಗಡಿಗೆ ಒಂದು ಜಾಲತಾಣ ಬೇಕು ಎಂದು ಹಠ ಹಿಡಿದವಳು ನಾನೇ. ವಿಳಾಸದ ತುದಿಗೆ ನಮ್ಮ ದೇಶದ ಬಾಲ ಹಚ್ಚಿಕೊಳ್ಳೋಣವೆಂದರೆ ಅಂಗಡಿಯ ಪರವಾನಗಿ ತೋರಿಸಿ ಎಂದರು. ಪರವಾನಗಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ, ಅಜ್ಜನ ಸಹಿ ತರಿಸುವುದು ನಮ್ಮಿಂದಾಗದ ಕೆಲಸ. ಆಗ ಜಾಲತಾಣದ ಹೆಸರು ಮಾರುವವರ ಪುಟದಲ್ಲಿ ತಮ್ಮ ದೇಶ ಕಾಣಿಸಿತು. ಚಿಕ್ಕದು, ಚೊಕ್ಕದು, ನೆನಪಿನಲ್ಲಿ ಉಳಿಯುವಂಥದ್ದು, ನಿಮ್ಮ ಉದ್ಯಮಕ್ಕೆ ಅಂತರರಾಷ್ಟ್ರೀಯ ಮೆರುಗು ಕೊಡುವಂಥದ್ದು ಎಂದು ಅಲ್ಲಿ ಬರೆದಿತ್ತು. ತಾವು ನಮ್ಮ ಪರವಾನಗಿ ಕೇಳಲಿಲ್ಲ, ಅಜ್ಜನನ್ನು ಕೇಳಲಿಲ್ಲ, ನಾನು ಎಷ್ಟನೇ ತರಗತಿ ಎಂದೂ ಕೇಳಲಿಲ್ಲ. ಒಂದು ಚೌಕದಲ್ಲಿ ಸರಿ ಗುರುತು ಹಾಕು ಎಂದಿರಿ, ಹಾಕಿದೆ. ಒಬ್ಬ ಹುಡುಗಿಯನ್ನು ಇಷ್ಟು ಸುಲಭವಾಗಿ ನಂಬಿದ ದೇಶ ಇನ್ನೊಂದಿಲ್ಲ ಎಂದು ಆ ದಿನ ನನಗೆ ತಮ್ಮ ಮೇಲೆ ಉಕ್ಕಿದ ಪ್ರೀತಿಯನ್ನು ಈಗ ನೆನೆಸಿಕೊಳ್ಳಲೂ ನಾಚಿಕೆ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ಬೋರ್ಡು ಬರೆದವರು ಅದರ ಕೆಳಗಿನ ಬಲ ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಎತ್ತರದ ಅಕ್ಷರಗಳಲ್ಲಿ ತಮ್ಮ ಗುರುತು ಬರೆಯುತ್ತಾರೆ. ಬೀದಿಯಲ್ಲಿ ಹೋಗುವ ಯಾರಿಗಾದರೂ ಅಕ್ಷರ ಹಿಡಿಸಿದರೆ ಅವರು ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಆ ಮೂಲೆಯನ್ನು ಓದಿ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ನಮಗೆ ಕೆಲಸ ಸಿಗುವುದೇ ಹಾಗೆ, ಬೇರೆ ಜಾಹೀರಾತಿಲ್ಲ. ಮೊದಲು ಅಲ್ಲಿ ಅಂಗಡಿಯ ಬೀದಿ ಇರುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಬೀದಿ ಹುಡುಕುವವರು ಯಾರು, ಜಾಲತಾಣದ ವಿಳಾಸ ಬರೆಯಿರಿ ಎಂದು ನಾನು ಹೇಳಿದೆ. ದೊಡ್ಡಮ್ಮ ಬ್ರಷ್ಷನ್ನು ಬಣ್ಣಕ್ಕೆ ಅದ್ದುವ ಮೊದಲು ಒಂದೇ ಒಂದು ಮಾತು ಕೇಳಿದರು: “ಇದು ಎಷ್ಟು ದಿನ ಇರುತ್ತೆ ಕಣೇ?”

“ಇರುತ್ತೆ ದೊಡ್ಡಮ್ಮ,” ಎಂದೆ.

ಅದು ವರ್ಷ ವರ್ಷ ಹೊಸದು ಮಾಡಿಸಿಕೊಳ್ಳುವ ಬಾಡಿಗೆ ಹೆಸರು ಎಂದು ನಾನು ಹೇಳಲಿಲ್ಲ. ಹೊಸದು ಮಾಡಿಸುತ್ತಲೇ ಇದ್ದರೆ ಇರುತ್ತದಲ್ಲ ಎಂದುಕೊಂಡೆ. ದೊಡ್ಡಮ್ಮ, ಇರುತ್ತದೆ ಎಂದ ಮೇಲೆ ಇರುವಂತೆಯೇ ಬರೆಯಬೇಕು ಎಂದು ಡಬ್ಬಿಯ ಮೇಲೆ ಹತ್ತು ವರ್ಷದ ಗ್ಯಾರಂಟಿ ಅಚ್ಚಾಗಿರುವ ಎನಾಮಲ್ ಬಣ್ಣದಲ್ಲಿ, ಎರಡು ಪದರ ಬರೆದರು. ಬಿಸಿಲಿಗೆ ಬಗ್ಗದ, ಮಳೆಗೆ ಜಗ್ಗದ ಅಕ್ಷರಗಳು, ಮಾನ್ಯರೇ. ತಮ್ಮ ದೇಶದ ಎರಡಕ್ಷರವನ್ನು ಇಷ್ಟು ಶ್ರದ್ಧೆಯಿಂದ ತಮ್ಮ ಪ್ರಜೆಗಳೂ ಎಲ್ಲೂ ಬರೆದಿರಲಾರರು.

ಮೆರುಗಿನ ವಿಷಯದಲ್ಲಿ ತಾವು ಸುಳ್ಳು ಹೇಳಿರಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಮೊದಲ ವರ್ಷವೇ ಕನ್ನಡಕದ ಅಂಗಡಿಯವರು ಬಂದು, ಹೊರದೇಶದಲ್ಲಿ ಬರೆಯುತ್ತೀರಲ್ಲ, ಅದೇ ಥರ ಬರೆದುಕೊಡಿ ಎಂದರು. ದೊಡ್ಡಮ್ಮ ಯಾವತ್ತೂ ಬರೆಯುವ ಥರವೇ ಬರೆದರು. ಅದನ್ನು ನೋಡಿ, ನೋಡಿದ್ರಾ, ಗೊತ್ತಾಗುತ್ತೆ, ಎಂದು ಅವರು ಸಂತೋಷಪಟ್ಟರು. ಹಲ್ಲಿನ ಡಾಕ್ಟರು ಬಂದರು, ಹೆದ್ದಾರಿಯ ಟೈರಿನವರು ಬಂದರು, ಹಿಂದೆ ಚೌಕಾಸಿ ಮಾಡುತ್ತಿದ್ದವರು ಕೈ ಕಟ್ಟಿಕೊಂಡು ನಿಂತರು. ದೊಡ್ಡಪ್ಪನಂತೂ ಶಾಖೆ ಇದೆ ಎಂದು ಒಂದು ಸಲವೂ ಹೇಳಿದವರಲ್ಲ, ಆ ಮಟ್ಟಿಗೆ ಅವರೂ ಪ್ರಾಮಾಣಿಕರು. ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಸಮುದ್ರದ ಕಡೆ ಗಾಳಿ ಜಾಸ್ತಿ, ಬಣ್ಣ ಬೇಗ ಒಣಗುತ್ತದೆ ಎಂದಷ್ಟೇ ಹೇಳುತ್ತಿದ್ದರು. ಅದು ಯಾವ ಸಮುದ್ರ ಎಂದು ಯಾರೂ ಕೇಳಲಿಲ್ಲ. ಎರಡಕ್ಷರಕ್ಕೆ ಇಷ್ಟು ಶಕ್ತಿ ಇರುವುದಾದರೆ ತಮ್ಮ ಇಡೀ ದೇಶ ಬಂದು ನಮ್ಮ ಬೀದಿಯಲ್ಲಿ ನಿಂತರೆ ಏನಾದೀತೋ ಎಂದು ನಾನು ಒಮ್ಮೊಮ್ಮೆ ಹೆದರಿದ್ದುಂಟು.

ಹೀಗಿರುವಾಗ ಹೋದ ವಾರ ತಮ್ಮ ಪತ್ರ ಬಂತು. ತಮ್ಮ ಎರಡಕ್ಷರವನ್ನು ದೇಶದ ಗೌರವಕ್ಕೆ ತಕ್ಕಂತೆ ಕಾಪಾಡುವ ಸಲುವಾಗಿ, ಇನ್ನು ಮುಂದೆ ತಮ್ಮ ನೆಲದ ಮೇಲೆ ನಿಜವಾದ ನೆಲೆ ಇರುವವರಿಗೆ ಮಾತ್ರ ಹೆಸರು ಉಳಿಸಿಕೊಡಲಾಗುವುದು, ತಿಂಗಳ ಕೊನೆಯೊಳಗೆ ನೆಲೆ ತೋರಿಸದವರ ಹೆಸರನ್ನು ಮೊದಲು ಕೇಳಿದವರಿಗೆ ಕೊಡಲಾಗುವುದು ಎಂದಿತ್ತು. ನಿಯಮವನ್ನು ಓದಿ ಎದ್ದು ನಿಂತು ಗೌರವ ಸಲ್ಲಿಸಬೇಕೆನ್ನಿಸಿತು. ನಾಲ್ಕು ವರ್ಷ ಯಾರನ್ನೂ ಏನೂ ಕೇಳದೆ ಹೆಸರು ಹಂಚಿದ ದೇಶಕ್ಕೆ ಒಂದು ಬೆಳಿಗ್ಗೆ ತನ್ನ ನೆಲ ನೆನಪಾಗಿದೆ.

ಮೊದಲು ಕೇಳಿದವರು ಯಾರೆಂದು ತಿಳಿಯಲು ನಾವು ಕಷ್ಟಪಡಬೇಕಾಗಲಿಲ್ಲ, ಅವರೇ ನಡೆದುಕೊಂಡು ಬಂದರು. ದೊಡ್ಡ ರಸ್ತೆಯಲ್ಲಿ ಯಂತ್ರದಿಂದ ಫ್ಲೆಕ್ಸ್ ಅಚ್ಚು ಹಾಕುವ ಅಂಗಡಿಯ ಸಾಹುಕಾರರು. ಮಾನ್ಯರೇ, ತಮ್ಮ ದೇಶದ ವಕೀಲರೊಬ್ಬರ ಕಚೇರಿಯ ಗೋಡೆಗೆ ಅವರು ಒಂದು ಅಂಚೆಪೆಟ್ಟಿಗೆ ಹೊಡೆಸಿದ್ದಾರಂತೆ, ತಾವು ಅದನ್ನು ನಿಜವಾದ ನೆಲೆ ಎಂದು ಒಪ್ಪಿದ್ದೀರಂತೆ. “ಬೇಜಾರ್ ಮಾಡ್ಕೋಬೇಡಿ ಅಮ್ಮ, ನೀವು ಬಿಟ್ಟಿದ್ದನ್ನ ನಾನು ತಗೊಂಡೆ ಅಷ್ಟೆ,” ಎಂದು ದೊಡ್ಡಮ್ಮನಿಗೆ ಹೇಳಿದರು. ದೊಡ್ಡಪ್ಪ ಬಹಳ ಮರ್ಯಾದೆಯಿಂದ ಅವರನ್ನು ಆ ಬೆಳಿಗ್ಗೆ ತಾನೇ ಬಣ್ಣ ಬಳಿದ ಸ್ಟೂಲಿನ ಮೇಲೆ ಕೂರಿಸಿದರು.

ಅವರು ನಮ್ಮ ಹೆಸರಿನ ಮೇಲೆ ಆಸೆಪಟ್ಟಿದ್ದು ಹೆಸರು ಚೆನ್ನಾಗಿದೆ ಎಂದಲ್ಲ. ದೊಡ್ಡಮ್ಮ ಆ ವಿಳಾಸವನ್ನು ಇನ್ನೂರ ಹದಿನಾಲ್ಕು ಬೋರ್ಡುಗಳ ಮೂಲೆಯಲ್ಲಿ ಬರೆದಿದ್ದಾರೆ. ಬರುವ ತಿಂಗಳಿನಿಂದ ದೊಡ್ಡಮ್ಮನ ಅಕ್ಷರ ಮೆಚ್ಚಿ ಮೂಲೆಯ ವಿಳಾಸವನ್ನು ಫೋನಿನಲ್ಲಿ ಒತ್ತಿದವರೆಲ್ಲ ಫ್ಲೆಕ್ಸ್ ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಮೊಣಕೈ ನೋವಿಗೆ ಪಟ್ಟಿ ಕಟ್ಟಿಕೊಂಡು, ಉಸಿರು ಹಿಡಿದು ಒಂದೊಂದು ಗೆರೆ ಎಳೆದ ಆಕೆ ನಾಲ್ಕು ವರ್ಷ ಬರೆದದ್ದು ತನ್ನನ್ನು ಮುಳುಗಿಸಲಿರುವವರ ಜಾಹೀರಾತನ್ನು. ಅಂಗಡಿ ಉಳಿಯುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ನಾನು ಈ ಸಲ ಇರುತ್ತೆ ಎಂದು ಹೇಳಲಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ಅಂಚೆಪೆಟ್ಟಿಗೆ ನೆಲೆಯಾಗುವುದಾದರೆ ನಮ್ಮ ಹಳೆಯ ಬ್ರಷ್ ಒಂದನ್ನು ಪಾರ್ಸಲ್ ಮಾಡುತ್ತೇವೆ, ಅದನ್ನು ತಮ್ಮ ಸಮುದ್ರತೀರದ ಮರಳಿನಲ್ಲಿ ನೆಟ್ಟು ನಮ್ಮ ಶಾಖೆ ಎಂದು ಘೋಷಿಸಬೇಕು. ಅದು ಸಾಲದಿದ್ದರೆ ತಮ್ಮ ಕಡಲಿನ, ಓದುಬರಹ ಬಾರದ ಯಾವುದಾದರೂ ಮೀನನ್ನು ವ್ಯವಸ್ಥಾಪಕರನ್ನಾಗಿ ನೇಮಿಸಿಕೊಳ್ಳಲು ಅನುಮತಿ ಕೊಡಬೇಕು. ಓದು ಬಿಟ್ಟವರ ಜೊತೆ ಕೆಲಸ ಮಾಡಿ ನಮಗೆ ಅಭ್ಯಾಸವಿದೆ. ಇಲ್ಲವೇ ತಮ್ಮ ದೇಶವನ್ನೇ ಒಂದು ತಿಂಗಳ ಮಟ್ಟಿಗೆ ಸ್ವಲ್ಪ ಈಚೆಗೆ ಸರಿಸಿದರೆ ನಾವು ಏಣಿ ಹಾಕಿಕೊಂಡು ಬಂದು ಹಾಜರಿ ಹಾಕಿ ಹೋಗುತ್ತೇವೆ. ಹೇಗೂ ಬರುತ್ತೇವಾದ್ದರಿಂದ ತಮ್ಮ ಕಚೇರಿಯ ಬೋರ್ಡನ್ನು ಉಚಿತವಾಗಿ ಬರೆದುಕೊಡಲು ದೊಡ್ಡಮ್ಮ ಒಪ್ಪಿದ್ದಾರೆ. ತಮ್ಮ ಪುಟದಲ್ಲಿರುವ ಆ ಬೋರ್ಡಿನ ಚಿತ್ರವನ್ನು ದೊಡ್ಡದು ಮಾಡಿ ಅವರಿಗೆ ತೋರಿಸಿದೆ. ಜಾಗ ಅಳೆಯದೆ ಶುರು ಮಾಡಿ ಕೊನೆಯ ಮೂರು ಅಕ್ಷರಗಳನ್ನು ಒಂದರ ಮೇಲೊಂದು ತುರುಕಿದ್ದಾರೆ ಪಾಪ, ಎಂದು ಅವರು ನಿಜವಾಗಿ ಮರುಗಿದರು.

ದೊಡ್ಡಮ್ಮನಿಗೆ ವಿಷಯ ಹೇಳಿದ್ದು ನಾನೇ, ತಮ್ಮ ಪತ್ರ ಬಂದ ದಿನವೇ. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ಇಳಿಬಿಟ್ಟು, ಬಾಡಿಗೆ ಹೆಸರು ಅಂತ ಅವತ್ತೇ ಗೊತ್ತಿತ್ತೇನೇ ಎಂದು ಕೇಳಿದರು. ಗೊತ್ತಿತ್ತು ಎಂದೆ. ಬ್ರಷ್ಷನ್ನು ಮೇಲೆತ್ತಿ ಬಟ್ಟೆಗೆ ಒರೆಸಿದರು. ಆಮೇಲೆ, “ಗೊತ್ತಿದ್ದಿದ್ರೆ ಸೀಮೆಸುಣ್ಣದಲ್ಲಿ ಬರೀತಿದ್ದೆ,” ಎಂದರು. ನಗಬೇಕೋ ಬೇಡವೋ ತಿಳಿಯದೆ ನಾನೂ ದೊಡ್ಡಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ನಗಲಿಲ್ಲ. “ಬಣ್ಣ ನಂದು, ಮಾತು ನಿಂದು. ಅಳಿಸೋಳು ನೀನು. ಅಂಗಡಿಯೋರು ಯಾಕೆ ಅಂತ ಕೇಳಿದ್ರೆ ಇದ್ದದ್ದು ಹೇಳ್ಬೇಕು.”

ಅಳಿಸುವುದೆಂದರೆ ಸುಲಭವೆಂದು ತಾವು ಭಾವಿಸಬಾರದು. ತಮಗೆ ಒಂದು ಗುಂಡಿ ಒತ್ತಿದರೆ ಆಯಿತು. ಇಲ್ಲಿ ಒಂದೊಂದು ಬೋರ್ಡಿನ, ಅಕ್ಷರದ ಹಿಂದಿರುವ ನೆಲದ ಬಣ್ಣ ಒಂದೊಂದು ಬಿಸಿಲಿಗೆ ಒಂದೊಂದು ಥರ ಮಾಸಿದೆ. ಹೊಸ ನೀಲಿ ಬಳಿದರೆ ಹಳೆಯ ನೀಲಿಯ ಮೇಲೆ ತೇಪೆಯಂತೆ ಎದ್ದು ಕಾಣುತ್ತದೆ. ಹಾಗಾಗಿ ದೊಡ್ಡಮ್ಮ ಮೂರು ದಿನ ಕುಳಿತು, ಕನ್ನಡಕದ ಅಂಗಡಿಯದು ಪಡುವಣ ಬಿಸಿಲು, ಡಾಕ್ಟರದು ಮರದ ನೆರಳು, ಟೈರಿನವರದು ಹೊಗೆ ಎಂದು ಗೊಣಗುತ್ತ ಹತ್ತೊಂಬತ್ತು ಪುಟ್ಟ ಡಬ್ಬಿಗಳಲ್ಲಿ ಹತ್ತೊಂಬತ್ತು ಬಗೆಯ ಮಾಸಲನ್ನು ಕಲಸಿದ್ದಾರೆ. ಯಾವ ಬೀದಿಯಲ್ಲಿ ಯಾವ ಬೋರ್ಡು ಎಂಬುದನ್ನು ದೊಡ್ಡಪ್ಪ ಬಾಯಿಪಾಠ ಒಪ್ಪಿಸಿದರು, ನಾನು ಬರೆದುಕೊಂಡೆ. ಖಾಲಿಯಾದ ಮೂಲೆಯಲ್ಲಿ ಏನು ಬರೆಯಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಫೋನ್ ನಂಬರ್ ಬರಿ ಎಂದು ದೊಡ್ಡಪ್ಪ. ಅದೂ ಯಾರದೋ ಬಾಡಿಗೆಯದೇ ಎಂದು ದೊಡ್ಡಮ್ಮ. ಅಕ್ಷರದ ಬಣ್ಣದ ಡಬ್ಬಿಯನ್ನು ಅವರು ನನ್ನ ಚೀಲಕ್ಕೆ ಹಾಕಿಲ್ಲ.

ಆದ್ದರಿಂದ ಈ ಪತ್ರ ಓದುತ್ತಿರುವ ಗಿರಾಕಿಗಳಲ್ಲಿಯೂ ಒಂದು ಮಾತು: ನಿಮ್ಮ ಬೋರ್ಡು ಹೊರದೇಶದ್ದಲ್ಲ. ನಿಮ್ಮ ಅಂಗಡಿಯಿಂದ ಹೆಚ್ಚೆಂದರೆ ಎರಡು ಬಸ್ಸಿನಷ್ಟು ದೂರದಲ್ಲಿ, ಕಿಟಕಿಯ ಬಳಿ ಕುಳಿತು ಒಬ್ಬರು ಬರೆದದ್ದು. ಇದರಿಂದ ಅಕ್ಷರ ಮೊದಲಿಗಿಂತ ಕೆಟ್ಟದಾಗಿ ಕಂಡರೆ ನಾನು ಏಣಿಯ ಮೇಲಿರುವಾಗಲೇ ಹೇಳಿ, ಕೇಳಿಸಿಕೊಳ್ಳುತ್ತೇನೆ.

ಮಾನ್ಯರೇ, ನಾಲ್ಕು ವರ್ಷ ತಮ್ಮ ಎರಡಕ್ಷರದ ನೆರಳಿನಲ್ಲಿ ನಮಗಿಲ್ಲದ ಗೌರವ ಕೊಡಿಸಿದ್ದಕ್ಕೆ ಕೃತಜ್ಞತೆಗಳು. ಅದನ್ನು ಚುಕ್ಕಿಯ ಸಮೇತ ಹಿಂದಿರುಗಿಸುತ್ತಿದ್ದೇನೆ.

ತಿಂಗಳ ಕೊನೆಯ ದಿನದವರೆಗೆ ಮಾತ್ರ ತಮ್ಮ ವಿಶ್ವಾಸಿ,
ಏಣಿ ಹತ್ತುವವಳು

ವಿ.ಸೂ.: ತಮ್ಮ ಪತ್ರದ ಅಡಿಯಲ್ಲಿ, ಈ ವಿಳಾಸಕ್ಕೆ ಉತ್ತರ ಬರೆಯಬೇಡಿ, ಇಲ್ಲಿ ಓದುವವರು ಯಾರೂ ಇಲ್ಲ ಎಂದು ಅಚ್ಚಾಗಿದೆ. ಹೆಸರು ಇಟ್ಟುಕೊಂಡವರು ನಿಜವಾಗಿ ಅಲ್ಲಿರಬೇಕೆಂಬ ನಿಯಮ ತಮ್ಮ ಕಚೇರಿಗೂ ಅನ್ವಯಿಸುತ್ತದೆಯೇ ಎಂಬುದನ್ನು, ಯಾರಾದರೂ ಇದ್ದರೆ, ತಿಳಿಸುವುದು. ಉತ್ತರವನ್ನು ಅಂಗಡಿಗೆ ಕಳಿಸಿದರೆ ದೊಡ್ಡಪ್ಪ ತೆಗೆದಿಡುತ್ತಾರೆ. ದೂರದ ಊರಿನ ಬೋರ್ಡುಗಳಿಂದ ಶುರು ಮಾಡಿ ಹಿಂದಕ್ಕೆ ಬರಬೇಕಾಗಿರುವುದರಿಂದ ನಾನು ಇಲ್ಲಿರುವುದಿಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.