ಅಳಿಯಂದಿರ ಸೈಕಲ್ ಸವಾರಿ

ದಿನಕರನಿಗೆ ಸೈಕಲ್ ತುಳಿಯುವುದು ಕಷ್ಟವೇ ಆಗಿರಲಿಲ್ಲ. ಅವನು ತುಳಿಯುವುದನ್ನು ನೋಡುವುದು ಉಳಿದವರಿಗೆ ಕಷ್ಟವಾಗಿತ್ತು. ತೊಂದರೆ ಶುರುವಾದದ್ದು ಅಲ್ಲಿಂದ.

ಹೊನ್ನಾವರದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಕುರ್ಚಿ ಸವೆಸಿದ ಮೇಲೆ ಅವನಿಗೆ ಒಂದೇ ಒಂದು ಆಸೆ ಹುಟ್ಟಿತ್ತು. ಭಾನುವಾರ ಬೆಳಿಗ್ಗೆ ಹೊಳೆದಂಡೆಯ ದಾರಿಯಲ್ಲಿ, ಯಾರ ಜೊತೆಗೂ ಮಾತಾಡದೆ, ಯಾವ ಕೆಲಸವೂ ಇಲ್ಲದೆ, ನಿಧಾನವಾಗಿ ಸೈಕಲ್ ಹೊಡೆದುಕೊಂಡು ಹೋಗಿ ಬರಬೇಕು. ಅದಕ್ಕೆಂದೇ ಏಳು ಗೇರಿನ ನೀಲಿ ಸೈಕಲ್ ಕೊಂಡ. ಐವತ್ತೆರಡು ವರ್ಷದ ಮನುಷ್ಯ ಇಷ್ಟನ್ನು ಕೇಳುವುದು ಅತಿಯಾಸೆಯೇನಲ್ಲ. ಆದರೆ ನಮ್ಮ ಕಡೆಯ ಜನರ ಒಳ್ಳೆಯತನ ಎಂಬುದೊಂದಿದೆಯಲ್ಲ, ಅದು ಯಾರನ್ನೂ ಅವರ ಪಾಡಿಗೆ ಬಿಡುವುದಿಲ್ಲ.

ಮೊದಲ ಭಾನುವಾರ ಅವನು ಕಾಸರಕೋಡು ದಾಟುವ ಮೊದಲೇ ಪಕ್ಕದ ಮನೆಯ ದೇವಪ್ಪನ ಗೂಡ್ಸ್ ಆಟೋ ಎದುರಾಯಿತು. "ಅಯ್ಯೋ, ಬೈಕ್ ಹಾಳಾತನಾ?" ಎಂದು ಕೇಳಿದ ದೇವಪ್ಪ ಉತ್ತರಕ್ಕೂ ಕಾಯದೆ ಸೈಕಲ್ಲನ್ನು ಎತ್ತಿ ಮೀನಿನ ಬುಟ್ಟಿಗಳ ಮೇಲೆ ಇಟ್ಟ. ಬೇಡ ಬೇಡ ಎನ್ನುತ್ತಲೇ ದಿನಕರ ಮನೆಗೆ ಬಂದಿಳಿದ. ಎರಡನೆಯ ಭಾನುವಾರ ಮದುವೆ ದಿಬ್ಬಣದ ಟೆಂಪೋದವರು ಹತ್ತಿಸಿಕೊಂಡರು. ಆ ಸಲ ಮನೆಗೆ ಬರುವ ಮುಂಚೆ ಮದುವೆ ಊಟವನ್ನೂ ಮಾಡಬೇಕಾಯಿತು. ವಧು ಯಾರು, ವರ ಯಾರು ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಹೆಂಡತಿ ಮಾಲತಿಗೆ ಇದು ಸಾಕಾಗಿತ್ತು. ಮನೆ ಕಟ್ಟಿಸುವಾಗ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆಂದು ಅವಳು ಹರಕೆ ಹೊತ್ತು ಆರು ವರ್ಷವಾಗಿತ್ತು. ಪೂಜೆಗೆ ದಿನಕರನ ತಕರಾರೇನೂ ಇರಲಿಲ್ಲ. ಪೂಜೆ ಎಂದರೆ ಹೇಳಿಕೆ, ಹೇಳಿಕೆ ಎಂದರೆ ನೆಂಟರಿಷ್ಟರ ಮನೆ ಮನೆಗೂ ಯಜಮಾನನೇ ಹೋಗಿ ಬಾಯಾರೆ ಕರೆದು ಬರುವುದು. ಫೋನಿನಲ್ಲಿ ಕರೆದರೆ ಫೋನೇ ಊಟಕ್ಕೆ ಬಂದೀತು. ಆ ತಿರುಗಾಟ ನೆನೆದರೇ ಅವನ ಕಾಲು ನೋಯುತ್ತಿತ್ತು. "ಪುರುಸೊತ್ತಾಗಲಿ, ನೋಡೋಣ" ಎಂದು ಆರು ವರ್ಷ ನೂಕಿದ್ದ.

"ಪೂಜೆಗೆ ಪುರುಸೊತ್ತಿಲ್ಲ, ಮೀನಿನ ಬುಟ್ಟಿ ಮೇಲೆ ಮೆರವಣಿಗೆ ಬರೂಕೆ ಪುರುಸೊತ್ತುಂಟು" ಎಂದಳು ಮಾಲತಿ, ಮೂರನೆಯ ಭಾನುವಾರ ಬೆಳಿಗ್ಗೆ. "ಇವತ್ತೇ ಕಡೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಊಟಕ್ಕೆ ಮನೇಲಿರಬೇಕು. ತುಳ್ಕಂಡೇ ಬರಬೇಕು. ಮತ್ತೊಬ್ಬರ ಗಾಡಿಲಿ ಬಂದ್ರೋ, ಸೈಕಲ್ಲು ಕುಮಟೆಯ ನಮ್ಮಣ್ಣಂಗೆ ಹೋತು."

ದಿನಕರ ಸೈಕಲ್ಲಿನ ಕಡೆ ನೋಡಿದ. ಭಾವ ಸೈಕಲ್ಲನ್ನು ನೋಡಿದಾಗಲೆಲ್ಲ ಅದರ ಸೀಟು ಸವರುತ್ತಿದ್ದದ್ದು ಅವನಿಗೆ ಗೊತ್ತಿತ್ತು.

"ಆತು" ಎಂದ, ಹಟದಿಂದ.

"ಹೆದ್ದಾರಿ ಬೇಡ, ಲಾರಿಗಳ ಕಾಟ. ಹೊಳೆ ದಾಟಿ ನಮ್ಮ ತವರೂರು ಮಾವಿನಕುರ್ವೆ ಕಡೆ ಹೋಗಿ. ಅಲ್ಲಿ ದಂಡೆ ದಾರಿ ತಂಪು. ಮತ್ತೆ ಆ ಚಡ್ಡಿ ಬೇಡ. ಅಳಿಯ ಚಡ್ಡಿ ಹಾಕ್ಕಂಡು ಬಂದ ಅಂತ ಊರೆಲ್ಲ ಆಡ್ಕಂತದೆ. ಇಕಳಿ, ಇದನ್ನ ಉಟ್ಕಣಿ" ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ ಕೊಟ್ಟಳು. ಅವನು ಪಂಚೆ ಮೇಲೆತ್ತಿ ಕಟ್ಟಿ ಗೇಟು ದಾಟುವಾಗ ಅವಳು ಯಾರಿಗೋ ಫೋನು ಮಾಡುತ್ತಿದ್ದಳು. ಭಾನುವಾರ ಬೆಳಿಗ್ಗೆ ಅವಳು ಫೋನು ಮಾಡುವುದು ಹೊಸತೇನಲ್ಲ.

ಮಾವಿನಕುರ್ವೆಯ ದಂಡೆ ಸೇರಿದಾಗ ಎಂಟು ಗಂಟೆ. ಎಡಕ್ಕೆ ಶರಾವತಿ, ಬಲಕ್ಕೆ ತೆಂಗು. ಇಳಿತದ ನೀರಿನಲ್ಲಿ ನಾಲ್ಕೈದು ಹೆಂಗಸರು ಬಗ್ಗಿ ಚಿಪ್ಪಿ ಹೆಕ್ಕುತ್ತಿದ್ದರು. ನೀರಂಚಿನ ಕಾಂಡ್ಲಾ ಗಿಡದ ಮೇಲೆ ಒಂದು ಬೆಳ್ಳಕ್ಕಿ ಕೂತು ಅವನನ್ನು ನೋಡಿತು, ಆದರೆ ಎಲ್ಲಿಗೆ ಹೊರಟದ್ದು ಎಂದು ಕೇಳಲಿಲ್ಲ. ದಿನಕರನಿಗೆ ಕಣ್ಣು ತುಂಬುವಷ್ಟು ಸುಖವಾಯಿತು. ಗೇರು ಬದಲಿಸಿದ. ಆ ಸುಖ ಮುನ್ನೂರು ಮೀಟರ್ ನಡೆಯಿತು.

"ಓಯ್ ಅಳಿಯಂದ್ರೇ!"

ಮಾಲತಿಯ ಚಿಕ್ಕಮ್ಮ ನಾಗು ಅಂಗಳದ ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದಳು, ಬಸ್ಸಿಗೆ ಕಾದವಳ ಹಾಗೆ. ಬ್ರೇಕು ಹಿಡಿಯದೆ ಗತಿ ಇರಲಿಲ್ಲ.

"ಎಂತ, ಹೇಳಿಕೆಗೆ ಬಂದದ್ದಾ?"

"ಇಲ್ಲ ಚಿಕ್ಕಿ. ಸುಮ್ನೆ ಬಂದೆ. ಸೈಕಲ್ ತುಳಿಯೂಕೆ."

"ತುಳ್ಕಂಡು ಎಲ್ಲಿಗೆ ಹೋಗೂದು?"

"ಎಲ್ಲಿಗೂ ಇಲ್ಲ. ತುಳಿಯೂದು, ಅಷ್ಟೇ."

ಚಿಕ್ಕಿ ಅವನ ಮುಖವನ್ನು ಮರುಕದಿಂದ ನೋಡಿದಳು. ದನಿ ತಗ್ಗಿಸಿ, "ಮಾಲತಿ ಬೈದ್ಲಾ?" ಎಂದಳು.

"ಹಾಗೆಲ್ಲ ಎಂತದೂ ಇಲ್ಲ."

"ಪೂಜೆ ಹೇಳಿಕೆಗಾದ್ರೆ ನಾಚ್ಕಣೂದು ಬೇಡ, ಹೇಳಿ."

"ಪೂಜೆ ಇಲ್ಲ ಚಿಕ್ಕಿ! ಕೆಲಸ ಎಂತದೂ ಇಲ್ಲ!"

ಅದೇ ಅವನು ಮಾಡಿದ ತಪ್ಪು. ಕೆಲಸ ಇಲ್ಲದ ಅಳಿಯನನ್ನು ಬಾಗಿಲಿನಿಂದಲೇ ಕಳಿಸುವ ಮನೆ ಆ ಊರಿನಲ್ಲಿಲ್ಲ. ಕೈಹಿಡಿದು ಜಗಲಿಗೆ ಕರೆದೊಯ್ದು ಕೂರಿಸಿದಳು. ಕೊಟ್ಟೆ ಕಡುಬು ಬೇಯಲು ಇನ್ನು ಅರ್ಧ ಗಂಟೆ, ಅಲ್ಲಿಯವರೆಗೆ ಎಳನೀರು, ಎಳನೀರಿನ ಮೇಲೆ ಅವಲಕ್ಕಿ. ಕಡುಬು ಬಂದದ್ದು ಒಂದಲ್ಲ, ನಾಲ್ಕು. ಅವನು ಮೇಲೆದ್ದಾಗ ಒಂಬತ್ತೂಕಾಲು, ಪಂಚೆಯನ್ನು ಸಡಿಲಿಸಿ ಕಟ್ಟಿಕೊಳ್ಳಬೇಕಾಯಿತು.

ಸೈಕಲ್ ಹತ್ತಿ ಇಪ್ಪತ್ತು ಸುತ್ತು ಪೆಡಲ್ ತುಳಿದಿರಲಿಲ್ಲ, ಚಿಕ್ಕಿಯ ಪಕ್ಕದ ಮನೆಯ ವೆಂಕಟ್ರಮಣ ದಾರಿಗೆ ಅಡ್ಡ ನಿಂತ. "ನಾಗಕ್ಕನ ಮನೇಲಿ ಒಂದು ತಾಸು ಕೂತವರು ನಮ್ಮ ಮನೆ ಮೆಟ್ಟಿಲಿಗೆ ಬರೂದಿಲ್ವಾ? ನಾವು ಎಂತ ತಪ್ಪು ಮಾಡಿದ್ದು?" ಅವನ ದನಿಯಲ್ಲಿ ನಿಜವಾದ ನೋವಿತ್ತು. ದಿನಕರ ಇಳಿದ.

"ಹೇಳಿಕೆಗೆ ಬಂದದ್ದು ಹೌದಾ?" ಎಂದು ಇವನೂ ಕೇಳಿದ.

"ಅಲ್ಲ ಮಾರಾಯ, ಅಲ್ಲ! ಈ ಊರಿಗೆ ಬೇರೆ ಪ್ರಶ್ನೆಯೇ ಇಲ್ವಾ?"

"ಹಾಗಾರೆ ಪುರುಸೊತ್ತುಂಟು" ಎಂದು ವೆಂಕಟ್ರಮಣ ಖುಷಿಯಿಂದ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಅಜ್ಜನ ಕಾಲದಿಂದ ಮೊನ್ನೆಯವರೆಗಿನ ಜಾಗದ ಕಾಗದಗಳೆಲ್ಲ ಅದರಲ್ಲಿದ್ದವು. "ನೀವು ಕಚೇರಿಯವರು, ಒಂದು ಸಲ ಓದಿ ಹೇಳಿ." ವಾರಕ್ಕೆ ಆರು ದಿನ ಕಡತ ಓದಿ ಸತ್ತದ್ದಕ್ಕೇ ಈ ಸೈಕಲ್ಲು ಎಂಬುದನ್ನು ದಿನಕರ ಯಾರಿಗೆ ಹೇಳಬೇಕು? ಓದಿದ. ಒಂದು ಕಾಗದ ಮುಗಿದರೆ ಚೀಲದಿಂದ ಮತ್ತೊಂದು ಏಳುತ್ತಿತ್ತು. ಹೊಳೆ ಅಲ್ಲೇ, ಅಂಗಳದ ಆಚೆ, ಬಿಸಿಲಿಗೆ ಮಿನುಗುತ್ತ ಇತ್ತು. ಸೈಕಲ್ಲಿನ ಸೀಟಿನ ಮೇಲೆ ವೆಂಕಟ್ರಮಣನ ಮನೆಯ ಕೋಳಿ ಹತ್ತಿ ಕೂತಿತ್ತು. ಗಡಿಯಾರ ಹತ್ತೂವರೆ ಹೊಡೆಯಿತು.

ಆಗ ಅಂಗಳಕ್ಕೆ ಒಂದು ಸ್ಕೂಟರ್ ಬಂತು. ಮಂಕಿ ಕಡೆಯ ಹಿರಿಯರೊಬ್ಬರು ಇಳಿದು, "ಬರೂ ಬುಧವಾರ ಮಗಳ ಮದುವೆ, ಎಲ್ಲರೂ ಬರಬೇಕು" ಎಂದು ಮದುವೆ ಕಾಗದ ಕೊಟ್ಟರು. ವೆಂಕಟ್ರಮಣ ಎದ್ದು ನಿಂತು ಕಾಗದ ತೆಗೆದುಕೊಂಡ, ಹೆಂಡತಿ ಬೆಲ್ಲ ನೀರು ತಂದಳು. ಹಿರಿಯರು ಚೂರು ಬೆಲ್ಲ ಬಾಯಿಗಿಟ್ಟು, ಎರಡು ಗುಟುಕು ನೀರು ಕುಡಿದು ಸ್ಕೂಟರ್ ಹತ್ತಿ ಹೋಗಿಯೇಬಿಟ್ಟರು. ಒಟ್ಟು ಎರಡು ನಿಮಿಷ.

ದಿನಕರ ಬಾಯಿ ಬಿಟ್ಟುಕೊಂಡು ನೋಡಿದ. "ಅವರನ್ನ ಕೂರಿಸಲೇ ಇಲ್ವಲ್ಲ!"

"ಹೇಳಿಕೆಗೆ ಹೊಂಟವರನ್ನ ಕೂರಿಸ್ಕಣೂಕಾಗ್ತದಾ?" ಎಂದ ವೆಂಕಟ್ರಮಣ, ಮುಂದಿನ ಕಾಗದ ಬಿಡಿಸುತ್ತ. "ಅವರಿಗೆ ಇನ್ನೂ ಎಷ್ಟು ಮನೆ ಉಂಟೋ. ತಡ ಮಾಡ್ಸಿದ್ರೆ ನಮಗೇ ಪಾಪ."

ದಿನಕರನ ತಲೆಯಲ್ಲಿ ದೀಪ ಹತ್ತಿತು. ಕೈಲಿದ್ದ ಕಾಗದ ಕೆಳಗಿಟ್ಟು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

"ವೆಂಕಟ್ರಮಣ, ನಾನೂ ಹೇಳಿಕೆಗೇ ಬಂದದ್ದು. ಹೇಗೆ ಹೇಳೂದು ಅಂತ ಕೂತಿದ್ದೆ."

"ಹೌದನಾ! ಮತ್ತೆ ಆಗಲೇ ಹೇಳೂಕಾಗಲಿಲ್ವಾ? ಸತ್ಯನಾರಾಯಣ ಪೂಜೆಯಾ?"

"ಹೌದು."

"ಬರೂ ಆಯ್ತವಾರವಾ?"

"ಹೌದು ಹೌದು, ಬರೂ ಆಯ್ತವಾರ. ಎಲ್ಲರೂ ಬನ್ನಿ."

ಕಾಗದದ ಚೀಲ ಮಾಯವಾಯಿತು. ಬೆಲ್ಲ ನೀರು ಬಂತು. ಕೋಳಿಯನ್ನು ಓಡಿಸಿ ಸೈಕಲ್ಲಿನ ಸೀಟನ್ನು ವೆಂಕಟ್ರಮಣನೇ ಒರೆಸಿಕೊಟ್ಟ. ಎರಡು ನಿಮಿಷವೂ ಆಗಿರಲಿಲ್ಲ.

ಆಮೇಲಿನದು ಮೆರವಣಿಗೆಯೇ. ಯಾವ ಮನೆಯೆದುರು ಯಾರು ಕೂಗಿದರೂ ದಿನಕರ ಒಂದು ಕಾಲು ನೆಲಕ್ಕೆ ಊರಿ, "ಬರೂ ಆಯ್ತವಾರ ಪೂಜೆ, ಬರಬೇಕು" ಎನ್ನುವುದು, ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು, ಹೊರಡುವುದು. ಒಂದು ಮನೆಗೆ ಹೇಳಿ ಮುಂದಿನ ಮನೆ ಬಿಡುವಂತಿರಲಿಲ್ಲ, ಹಾಗಾಗಿ ಯಾರೂ ಕೂಗದ ಮನೆಗೂ ಹೇಳಿದ. ಆದರೂ ಮನೆ ಮನೆಯ ನಡುವೆ ದಂಡೆಯ ದಾರಿ ಇತ್ತು, ಗಾಳಿ ಇತ್ತು, ಗೇರು ಬದಲಿಸುವಾಗಿನ ಆ ಕಟಕಟ ಸದ್ದಿತ್ತು. ಹತ್ತನೆಯ ಮನೆ ಕಳೆಯುವಷ್ಟರಲ್ಲಿ ಅವನು ಹಾಡು ಗುನುಗುತ್ತಿದ್ದ. ಸುಳ್ಳು ಹೇಳುತ್ತಿದ್ದೇನೆ ಎಂಬ ಅಳುಕು ಮೊದಲ ಎರಡು ಮನೆಯಲ್ಲಿ ಇತ್ತು. ನಾಳೆ ಫೋನು ಮಾಡಿ, ಭಟ್ಟರಿಗೆ ಜ್ವರ, ಭಾನುವಾರದ ಪೂಜೆ ಮುಂದೆ ಹೋಯಿತು ಎಂದರಾಯಿತು ಎಂದು ಅದಕ್ಕೂ ಸಮಾಧಾನ ಹೇಳಿದ್ದ.

ಹನ್ನೆರಡೂವರೆಗೆ ಹೊಳೆ ದಾಟಿ ಹೊನ್ನಾವರದ ದಾರಿ ಹಿಡಿದಾಗ ಹಿಂದಿನಿಂದ ಪರಿಚಿತ ಹಾರ್ನು ಕೇಳಿತು. ದೇವಪ್ಪನ ಗೂಡ್ಸ್ ಆಟೋ. ಆಗಲೇ ದೇವಪ್ಪ ಇಳಿದು ತೋಳು ಮಡಚುತ್ತಿದ್ದ. "ಥೋ, ಮತ್ತೆ ಇದೇ ಅವಸ್ಥೆಯಾ? ಕೊಡಿ ಇಲ್ಲಿ ಸೈಕಲ್ಲು."

ದಿನಕರ ಹ್ಯಾಂಡಲ್ಲನ್ನು ಎದೆಗೆ ಅವುಚಿಕೊಂಡ. "ಮುಟ್ಟಬೇಡ! ಹೇಳಿಕೆಗೆ ಹೊರಟದ್ದು ನಾನು!"

ದೇವಪ್ಪ ಬೆಂಕಿ ಮುಟ್ಟಿದವನಂತೆ ಕೈ ಹಿಂದೆಗೆದ. "ಓ, ಹಾಗಾ? ಹಾಗಾರೆ ಹತ್ತಿಸೂದಿಲ್ಲಪ್ಪ. ಗಾಡಿಲಿ ಹೋದ್ರೆ ನಡುವೆ ಯಾವ್ದಾರೂ ಮನೆ ಬಿಟ್ಟುಹೋಗ್ತದೆ. ಬಿಟ್ಟ ಮನೆಯವರು ನನ್ನನ್ನ ಬೈತ್ರು." ಮತ್ತೆ ತನಗೂ ಹೇಳಲಿ ಎಂಬಂತೆ ಅಲ್ಲಿಯೇ ನಿಂತು ನೋಡಿದ. ದಿನಕರ ಹೇಳಿದ. "ಬರೂ ಆಯ್ತವಾರ ಪೂಜೆ, ನೀನೂ ಬಾ."

ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಅವನು ತನ್ನ ಗೇಟಿನೊಳಗೆ ಗಂಟೆ ಬಾರಿಸುತ್ತ ನುಗ್ಗಿದ. ಬೆವರು ಸುರಿಯುತ್ತಿತ್ತು, ಬಿಳಿ ಪಂಚೆಯಲ್ಲಿ ಚೈನಿನ ಎಣ್ಣೆಯ ಗೆರೆ ಎದ್ದಿತ್ತು. ಆದರೆ ಚಕ್ರವರ್ತಿ ಕೂಡ ಅಷ್ಟು ಗತ್ತಿನಿಂದ ಇಳಿದಿರಲಾರ.

"ಗೆದ್ರಿ" ಎಂದಳು ಮಾಲತಿ ಬಾಗಿಲಲ್ಲಿ. "ಸೈಕಲ್ಲು ನಿಮ್ದೇ. ನಾನು ಇನ್ನು ಅಣ್ಣನ ಹೆಸರೆತ್ತಿದ್ರೆ ಕೇಳಿ."

ಅವಳ ಮುಖದಲ್ಲಿ ಸೋತ ಲಕ್ಷಣ ಒಂದಿಷ್ಟೂ ಇರಲಿಲ್ಲ. ಊಟಕ್ಕೆ ಪಾಯಸವೂ ಇತ್ತು. ದಿನಕರ ಎರಡನೆಯ ಸಲ ಬಡಿಸಿಕೊಂಡ ಮೇಲೆ ಅವಳು ಒಂದು ನೋಟ್ ಪುಸ್ತಕ ತೆರೆದು ಪೆನ್ಸಿಲ್ ಹಿಡಿದಳು.

"ಮಾವಿನಕುರ್ವೆ ಮೂವತ್ತೊಂದು ಮನೆ ಆತು, ಈಗಷ್ಟೇ ಅಲ್ಲಿಂದ ಫೋನ್ ಬಂತು. ನಾಗು ಚಿಕ್ಕಿ ಮನೆಯೊಂದೇ ಬಿಟ್ಟದ್ದು, ಆ ಮನೆಗೆ ನಾನೇ ಮೊದಲೇ ಹೇಳಿದ್ದೆ."

ದಿನಕರ ಪಾಯಸದ ಬಟ್ಟಲು ಕೆಳಗಿಟ್ಟ. "ಎಂತಕ್ಕೆ ಹೇಳಿದ್ದು? ಯಾವಾಗ?"

"ಬೆಳಿಗ್ಗೆ. ನೀವು ಗೇಟು ದಾಟೂ ಹೊತ್ತಿಗೆ. ಬರೂ ಆಯ್ತವಾರ ಪೂಜೆ, ನಮ್ಮನೆಯವರು ಹೇಳಿಕೆಗೆ ಬರ್ತಾ ಇದ್ರು, ನಾಚಿಕೆ ಮನುಷ್ಯ, ತಾವಾಗಿ ಬಾಯಿ ಬಿಡೂದಿಲ್ಲ, ನೀವೇ ಕೇಳಿ, ಅಕ್ಕಪಕ್ಕದವರಿಗೂ ಕೇಳೂಕೆ ಹೇಳಿ ಅಂದೆ."

ದಿನಕರನಿಗೆ ದಣಪೆ ನೆನಪಾಯಿತು, ಬಿಳಿ ಪಂಚೆ ನೆನಪಾಯಿತು. 'ಬರೂ ಆಯ್ತವಾರವಾ' ಎಂದು ದಿನವನ್ನು ತಾನು ಹೇಳುವ ಮೊದಲು ವೆಂಕಟ್ರಮಣನೇ ಹೇಳಿದ್ದೂ ನೆನಪಾಯಿತು. ಸಿಟ್ಟು ನೆತ್ತಿಗೇರಿತು. "ನಾನು ಹೇಳಿದ್ದೆಲ್ಲ ಸುಳ್ಳು ಮಾರಾಯ್ತಿ! ತಪ್ಪಿಸ್ಕಂಡು ಬರೂಕೆ ಹೇಳಿದ್ದು! ನಾಳೆ ಎಲ್ಲರಿಗೂ ಫೋನ್ ಮಾಡಿ ಇಲ್ಲ ಅಂತೇನೆ. ಭಟ್ಟರಿಗೆ ಜ್ವರ ಅಂತೇನೆ!"

"ಭಟ್ಟರು ಗಟ್ಟಿಮುಟ್ಟಾಗಿದ್ರು. ಮೊನ್ನೆ ಮಂಗಳವಾರವೇ ಗೊತ್ತು ಮಾಡಿ ಆತು" ಎಂದಳು ಮಾಲತಿ ತಣ್ಣಗೆ. "ಮತ್ತೆ ಸತ್ಯನಾರಾಯಣನ ಹೆಸರಲ್ಲಿ ಮೂವತ್ತೊಂದು ಮನೇಲಿ ಬೆಲ್ಲ ತಿಂದು ಬಂದು ಸುಳ್ಳು ಅಂತೀರಾ? ಬೇಕಾದ್ರೆ ಅನ್ನಿ. ನಾನಂತೂ ಆ ಪಾಪಕ್ಕೆ ಇಲ್ಲ."

ದಿನಕರ ತುಟಿ ಸವರಿಕೊಂಡ. ಬಾಯಿಯಲ್ಲಿ ಇನ್ನೂ ಬೆಲ್ಲದ ರುಚಿ ಇತ್ತು.

ಅವಳು ಪುಟ ತಿರುಗಿಸಿದಳು. "ಕಾಸರಕೋಡು ಹದಿನೆಂಟು ಮನೆ. ಮಂಕಿ ಹನ್ನೆರಡು. ಅಪ್ಸರಕೊಂಡದ ಹತ್ರ ಐದು. ಶಿರಾಲಿಯಲ್ಲಿ ನಿಮ್ಮ ಅಕ್ಕನ ಕೇರಿ ಪೂರ್ತಿ. ಕುಮಟೆಗೆ ನಮ್ಮಣ್ಣನ ಮನೆ, ಅದನ್ನ ಬಿಟ್ರೆ ನನ್ನ ಮಾನ ಉಳಿಯೂದಿಲ್ಲ. ಒಂದು ವಾರ ಉಂಟು. ಹೇಗೂ ಸೈಕಲ್ ತುಳಿಯೂದಂದ್ರೆ ನಿಮಗೆ ಪ್ರಾಣ. ಕಾಸರಕೋಡು ಇವತ್ತೇ ಮುಗಿಸ್ಕಂಡು ಬನ್ನಿ."

ಎರಡೂವರೆಯ ಬಿಸಿಲಿನಲ್ಲಿ, ಬೇರೊಂದು ಬಿಳಿ ಪಂಚೆ ಉಟ್ಟು, ದಿನಕರ ತಾನು ಗೆದ್ದ ಸೈಕಲ್ಲನ್ನು ನೂಕಿಕೊಂಡು ಗೇಟಿನಿಂದ ಹೊರಬಂದ. ತೊಡೆ ಎರಡೂ ಕಲ್ಲಾಗಿದ್ದವು. ಕಾಲೆತ್ತಿ ಸೀಟಿನ ಮೇಲೆ ಹಾಕಲು ಮೂರು ಸಲ ಪ್ರಯತ್ನಿಸಿದ. ಅಷ್ಟರಲ್ಲಿ ಪಕ್ಕದ ಮನೆಯಿಂದ ಗೂಡ್ಸ್ ಆಟೋ ಹೊರಟಿತು. ಕಾಸರಕೋಡಿನ ಕಡೆಗೇ ಮುಖ ಮಾಡಿತ್ತು, ಹಿಂದುಗಡೆ ಖಾಲಿ ಬುಟ್ಟಿಗಳಿದ್ದವು.

ಹುಟ್ಟಿದಂದಿನಿಂದ ಮೊದಲ ಬಾರಿಗೆ ದಿನಕರ ತಾನಾಗಿ ಕೈ ಅಡ್ಡ ಹಿಡಿದ. "ದೇವಪ್ಪಾ, ದಮ್ಮಯ್ಯ, ನನ್ನನ್ನೂ ಸೈಕಲ್ಲನ್ನೂ ಹತ್ತಿಸ್ಕ!"

ದೇವಪ್ಪ ಬಿಳಿ ಪಂಚೆ ನೋಡಿದ. ಗೌರವದಿಂದ ಎರಡೂ ಕೈ ಮುಗಿದ.

"ಹೇಳಿಕೆಗೆ ಹೊಂಟವರನ್ನ ಹತ್ತಿಸೂಕಾಗ್ತದಾ? ನೀವು ನಿಧಾನ ತುಳ್ಕಂಡು ಬನ್ನಿ" ಎಂದು ಹೇಳಿ, ಆಟೋ ಬಿಟ್ಟುಕೊಂಡು ಹೋಗಿಯೇಬಿಟ್ಟ.