ಮಾರ್ವಿನ್ನನ ಮೆತ್ತನೆ ಕೊಬ್ಬು

ಸ್ವಂತ ಹಂದಿಯನ್ನು ನಾಲ್ಕು ಜನರೆದುರು ಕೊನೆಯ ಸ್ಥಾನಕ್ಕೆ ತಳ್ಳಿದ ಮಗಳು ಅಯೋವಾ ರಾಜ್ಯದಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ. ನನ್ನ ಮಗಳು ಟ್ರೀನಾ ತಳ್ಳಿದಳು. ಅದಕ್ಕೆ ಅವಳಿಗೆ ಚಪ್ಪಾಳೆ ಬೇರೆ ಸಿಕ್ಕಿತು. ನನಗೇನು ಸಿಕ್ಕಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗಲೇ ಹೇಳಿದರೆ ನೀವೂ ಅವಳ ಕಡೆಗೇ ವಾಲಿಬಿಡುತ್ತೀರಿ.

ಹಂದಿಯ ಹೆಸರು ಮಾರ್ವಿನ್. ಮರಿಯಾಗಿದ್ದಾಗ ತಂದು, ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿಯನ್ನು ತಕ್ಕಡಿಯಲ್ಲಿ ತೂಗಿ ತೂಗಿ ಹಾಕಿ ಸಾಕಿದವಳು ಹದಿನಾಲ್ಕು ವರ್ಷದ ಟ್ರೀನಾ. ನಮ್ಮ ಜಿಲ್ಲೆಯ ಕೃಷಿ ಮೇಳದಲ್ಲಿ ಮಕ್ಕಳು ಸಾಕಿದ ಹಂದಿಗಳನ್ನು ಮೊದಲು ನಡೆಸಿ ನೋಡುತ್ತಾರೆ, ಆಮೇಲೆ ಕೊಯ್ದು ನೋಡುತ್ತಾರೆ. ನಡಿಗೆಯಲ್ಲಿ ಎಂಥ ಹಂದಿಯಾದರೂ ಮೋಸ ಮಾಡೀತು. ತಂಪುಕೋಣೆಯ ಕೊಕ್ಕೆಗೆ ಬಿದ್ದ ಮೇಲೆ ಆ ಆಟ ನಡೆಯುವುದಿಲ್ಲ. ಮೊದಲ ಬಹುಮಾನದ ನೇರಳೆ ರಿಬ್ಬನ್ನಿಗೆ ಬೆಲೆ ಬರುವುದು ಅಲ್ಲಿಯೇ. ಪಕ್ಕದ ಹೊಲದ ಹಾರ್ಲನ್ನನ ಮನೆಗೋಡೆಯ ಮೇಲೆ ಅಂಥ ಮೂರು ರಿಬ್ಬನ್ನುಗಳಿವೆ. ನಮ್ಮ ಗೋಡೆಯ ಮೇಲೆ ನನ್ನ ಪಥ್ಯದ ಪಟ್ಟಿ ಇದೆ.

ನನ್ನ ಹೆಂಡತಿ ಮಾರ್ಲೀನ್, ಡಾಕ್ಟರು ಬಾಯಿತಪ್ಪಿ ಆಡಿದ ಒಂದು ಮಾತನ್ನು ಹಿಡಿದುಕೊಂಡು, ಮೂರು ಹೊತ್ತೂ ನನಗೆ ಬೇಯಿಸಿದ ಓಟ್ಸ್ ವಿಧಿಸಿದ್ದಳು. ನಾನು ಸ್ವಾಭಿಮಾನಿ. ದಿನಾ ಬೆಳಿಗ್ಗೆ ಪೆಟ್ರೋಲ್ ಬಂಕಿನಿಂದ ಸಕ್ಕರೆ ಪುಡಿ ಉದುರಿಸಿದ ಡೋನಟ್ ಒಂದು ಡಬ್ಬಿ ತಂದು, ಅವಳು ಮೂಗು ಮುಚ್ಚಿಕೊಂಡು ಸಹ ಕಾಲಿಡದ ಏಕೈಕ ತಾಣವಾದ ಹಂದಿಗೂಡಿನಲ್ಲಿ ಕೂತು ತಿನ್ನುತ್ತಿದ್ದೆ. ಎದುರಿಗೊಬ್ಬ ಬಾಯಿ ಬಿಟ್ಟುಕೊಂಡು ನಿಂತಿರುವಾಗ ಒಬ್ಬನೇ ತಿನ್ನುವುದು ಯಾವ ಸಭ್ಯತೆ? ಕೊಡದಿದ್ದರೆ ಮಾರ್ವಿನ್ ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಹಾಗಾಗಿ ಅರ್ಧ ಅವನಿಗೆ, ಅರ್ಧ ನನಗೆ. ಇದಕ್ಕೆ ದಾನ ಎನ್ನುತ್ತಾರೆಯೇ ಹೊರತು ಅಪರಾಧ ಎನ್ನುವುದಿಲ್ಲ. (ಹಾಗೆಂದು ನಾನು ನಂಬಿದ್ದೆ.)

ಮೇಳದಲ್ಲಿ ಮಕ್ಕಳಿಗೆ ಇನ್ನೊಂದು ಸ್ಪರ್ಧೆಯುಂಟು. ಕೊಯ್ದ ನಾಲ್ಕು ಹಂದಿಗಳನ್ನು ಬರೀ ನಂಬರು ಹಾಕಿ ತೂಗುಹಾಕಿರುತ್ತಾರೆ. ಯಾವುದು ಮೊದಲು, ಯಾವುದು ಕೊನೆ ಎಂದು ಮಕ್ಕಳು ನಿರ್ಧರಿಸಿ, ಕೈಯಲ್ಲಿ ಚೀಟಿಯಿಲ್ಲದೆ ತೀರ್ಪುಗಾರರಿಗೆ ಕಾರಣ ಒಪ್ಪಿಸಬೇಕು. ತೀರ್ಪುಗಾರ, ಮಾಂಸದಂಗಡಿಯ ಮುದುಕ ಹೆನ್ಕೆ. ತಂದೆತಾಯಂದಿರೆಲ್ಲ ಸ್ವೆಟರು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದೆವು. ಮೂರನೆಯ ನಂಬರೇ ಮಾರ್ವಿನ್ ಎಂದು ನನಗೆ ತಕ್ಷಣ ಗೊತ್ತಾಯಿತು. ತೊಡೆಯ ಮೇಲೆ ತಂತಿ ಗೀರಿದ ಹಳೆಯ ಕಲೆಯಿತ್ತು. ಟ್ರೀನಾಗೂ ಗೊತ್ತಾಗಿರಲೇಬೇಕು. ಆ ಗಾಯಕ್ಕೆ ಮುಲಾಮು ಹಚ್ಚಿದವಳೇ ಅವಳು.

ಬೆನ್ನ ಹಿಂದೆ ಕೈಕಟ್ಟಿ ನಿಂತು ಶುರುಮಾಡಿದಳು.

"ಸರ್, ಮೂರನೇದನ್ನ ಕೊನೆಗೆ ಇಟ್ಟಿದ್ದೀನಿ. ಬೆನ್ನಿನ ಮಾಂಸ ದೊಡ್ಡದಾಗಿದೆ, ಬಣ್ಣಾನೂ ಚೆನ್ನಾಗಿದೆ. ಆದ್ರೆ ಕೊಬ್ಬು ಮೆತ್ತಗಿದೆ. ಹೆಬ್ಬೆಟ್ಟಲ್ಲಿ ಒತ್ತಿದ್ರೆ ಗುಳಿ ಬೀಳತ್ತೆ, ಮತ್ತೆ ಮೇಲೇಳಲ್ಲ. ಬೇಕನ್‌ಗೆ ಅಂತ ತೆಳ್ಳಗೆ ಕುಯ್ಯೋಕೆ ಹೋದ್ರೆ ಚಾಕುಗೇ ಅಂಟ್ಕೊಳತ್ತೆ."

ನನಗೆ ತಡೆಯಲಾಗಲಿಲ್ಲ. "ಅನ್ಯಾಯ, ಹೆನ್ಕೆ! ಆ ಹಂದಿ ಮೆಕ್ಕೆಜೋಳ, ಸೋಯಾ ಬಿಟ್ಟು ಬೇರೇದನ್ನ ಮೂಸೂ ನೋಡಿಲ್ಲ!"

"ನೀನು ಸ್ವಲ್ಪ ಸುಮ್ನಿರಪ್ಪ ಕರ್ಟ್," ಎಂದ ಹೆನ್ಕೆ. "ಏನಮ್ಮ, ಏನು ತಿಂದ್ರೆ ಹೀಗಾಗತ್ತೆ?"

"ಎಣ್ಣೇಲಿ ಕರಿದಿದ್ದು, ಸರ್. ದಿನಾ ತಿಂದಿದೆ. ಬೆಳಿಗ್ಗೆ ಮೂತಿ ಮೇಲೆ ಬೆಳ್ಳಗೆ ಏನೋ ಇರ್ತಿತ್ತು. ಹಿಟ್ಟು ಅಂದ್ಕೊಂಡಿದ್ದೆ." ಅವಳು ತಿರುಗಿ ನನ್ನ ಮುಖ ನೋಡಿದಳು. "ಸಕ್ಕರೆ ಪುಡಿ ಇರ್ಬೇಕು."

"ಶುದ್ಧ ಸುಳ್ಳು!" ಎಂದೆ.

ಮಾರ್ಲೀನ್ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಕರ್ಟ್, ಮೊದ್ಲು ಮೀಸೆ ಒರೆಸ್ಕೊ."

(ಮೇಳದ ಬಾಗಿಲಲ್ಲೇ ಡೋನಟ್ ಅಂಗಡಿ ಹಾಕಲು ಬಿಟ್ಟವರು ಯಾರು? ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ.)

ಹೆನ್ಕೆ ಮೊದಲೇ ಬರೆದಿಟ್ಟಿದ್ದ ಕ್ರಮವೂ ಟ್ರೀನಾ ಹೇಳಿದ್ದೇ ಆಗಿತ್ತು. ಸ್ಪರ್ಧೆಯಲ್ಲಿ ಅವಳು ಮೊದಲು, ಅವಳ ಹಂದಿ ಕೊನೆ, ಹಾರ್ಲನ್ನನ ಗೋಡೆಗೆ ನಾಲ್ಕನೆಯ ರಿಬ್ಬನ್ನು. ಮನೆಗೆ ಬರುವಾಗ ವ್ಯಾನಿನಲ್ಲಿ ನಾನೇ ಬಾಯಿ ತೆರೆದೆ.

"ಅಲ್ಲ ಕಣೇ, ಸ್ವಂತ ಹಂದಿ! ಎರಡನೇದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅದು ಮೊದಲನೇದೇ ಆಗೋದಿತ್ತು, ಅಪ್ಪಾ. ನಾನು ತೂಗಿ ಹಾಕೋದನ್ನ ನೀನು ದಿನಾ ನೋಡ್ತಿದ್ದೆ ತಾನೆ?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಆದರೆ ಆಗ ರಸ್ತೆಯ ಕಡೆ ಗಮನ ಕೊಡಬೇಕಿತ್ತು.

"ಡಾಕ್ಟರ ಹತ್ರ ಕೂಡ ತೂಕದ ಯಂತ್ರ ಕೆಟ್ಟಿದೆ ಅಂದೋನು ಇವನು," ಎಂದಳು ಮಾರ್ಲೀನ್, ಕಿಟಕಿಯ ಹೊರಗಿನ ಮೆಕ್ಕೆಜೋಳದ ಹೊಲಕ್ಕೆ.

ರಾತ್ರಿ ಊಟಕ್ಕೆ ಕೂತಾಗ ಟ್ರೀನಾ ನನ್ನ ಹಿಂದೆ ಬಂದು ನಿಂತು, ಸೊಂಟದ ಮೇಲ್ಗಡೆ ಹೆಬ್ಬೆರಳು ಒತ್ತಿ ತೆಗೆದಳು. ತಾಯಿ ಮಗಳಿಬ್ಬರೂ ಬಗ್ಗಿ ನೋಡತೊಡಗಿದರು.

"ಮೇಲೇಳ್ತಾ?"

"ಇಲ್ಲಮ್ಮ. ಅದೇ ಕೊಬ್ಬು."

ಮರುದಿನ ಹಂದಿಗೂಡಿನ ತಕ್ಕಡಿ ಅಡುಗೆಮನೆಗೆ ಬಂತು. ನನ್ನ ಓಟ್ಸ್ ತೂಗುವವಳು ಈಗ ಟ್ರೀನಾ. ವ್ಯಾನಿನ ಕೀಲಿ ಮಾರ್ಲೀನಳ ಏಪ್ರನ್ನಿನ ಜೇಬಿನಲ್ಲಿರುತ್ತದೆ. ನನಗೆ ಸಿಕ್ಕಿದ್ದು ಇದು. ಎಷ್ಟು ದಿನ ಹೀಗೆ ಎಂದು ಮೊನ್ನೆ ಗಟ್ಟಿ ದನಿಯಲ್ಲೇ ಕೇಳಿದೆ.

"ಗುಳಿ ಮೇಲೇಳೋವರೆಗೂ ಅಪ್ಪಾ," ಎಂದಳು, ಚಮಚದ ತುದಿಯಲ್ಲಿ ನಾಲ್ಕು ಕಾಳು ವಾಪಸು ತೆಗೆಯುತ್ತ.

ಮಾರ್ವಿನ್ನನಿಗಾದರೂ ಆರು ತಿಂಗಳಿಗೆ ಬಿಡುಗಡೆಯಿತ್ತು.