ಮೇಲಿನಕೆರೆ ಮತ್ತು ಓಬರ್‌ವೈಯರ್

ಬೈಸಿಕೊಂಡಾದರೂ ಇರಬಹುದು, ಹೆಸರು ಕತ್ತರಿಸಿಕೊಂಡು ಹೇಗ್ರೀ ಇರೋದು? ನನ್ನ ಹೆಸರು ನರಸಿಂಹಮೂರ್ತಿ. ಮುಂದಿನ ‘ಎಂ’ ನಮ್ಮ ಊರು, ಮೇಲಿನಕೆರೆ. ಪಾಸ್‌ಪೋರ್ಟಿಗೆಂದು ಆ ಇನಿಷಿಯಲ್ಲನ್ನು ಬಿಡಿಸಿ ಬರೆದದ್ದೇ ತಪ್ಪಾಯಿತು. ಅಮೆರಿಕಕ್ಕೆ ಬಂದಿಳಿಯುವಷ್ಟರಲ್ಲಿ ಊರೇ ನನ್ನ ಹೆಸರಾಗಿತ್ತು. ಹೋಗಲಿ, ಅದನ್ನಾದರೂ ಪೂರ್ತಿ ಕರೆಯಬಾರದೇ? ಷಿಕಾಗೊ ಹತ್ತಿರದ ಓಕ್ ಬ್ರೂಕ್‌ನ ಆಫೀಸಿನಲ್ಲಿ ಮೊದಲ ದಿನವೇ ಬಾಸ್ ಬೆನ್ನು ತಟ್ಟಿ, “ಐ ವಿಲ್ ಕಾಲ್ ಯೂ ಮೆಲ್” ಎಂದ. ಮೆಲ್ಲಂತೆ ಮೆಲ್! ಕೆರೆಯನ್ನೇ ನುಂಗಿ ನೀರು ಕುಡಿದಿದ್ದ.

ಅವನ ಹೆಸರಿನ ಠೀವಿಯೋ, ಕೇಳಬೇಡಿ. ಓಬರ್‌ವೈಯರ್. ಯಾರಾದರೂ ‘ಓವರ್‌ವೈರ್’ ಎಂದರೆ ಮೀಟಿಂಗ್ ನಿಲ್ಲಿಸಿ ತಿದ್ದುತ್ತಿದ್ದ. ಜರ್ಮನಿಯ ಯಾವುದೋ ಹಳ್ಳಿಯಿಂದ ಬಂದ ಹೆಸರಂತೆ. ಷಿಕಾಗೊ, ಡೆಟ್ರಾಯಿಟ್ ಜಾಲಾಡಿದರೂ ಅವರ ಕುಟುಂಬ ಬಿಟ್ಟು ಇನ್ನೊಬ್ಬರಿಗಿಲ್ಲವಂತೆ. ನಾನು ಮೊಸರನ್ನದ ಡಬ್ಬಿ ತೆರೆದರೆ ಸಾಕು, ಈ ವಂಶಪುರಾಣ ಶುರು. ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡುತ್ತಿದ್ದೆ.

“ಅವನ ಹೆಸರಿಗೆ ಮರ್ಯಾದೆ, ನನ್ನದಕ್ಕೆ ಕತ್ತರಿ. ಇದ್ಯಾವ ನ್ಯಾಯ ಕಣೇ?”

“ಅದನ್ನ ಅವನಿಗೇ ಹೇಳ್ರೀ, ಒಗ್ಗರಣೆ ಸೀದೋಗತ್ತೆ,” ಎನ್ನುತ್ತಿದ್ದಳು ಸರೋಜ.

ಒಂದು ಮಧ್ಯಾಹ್ನ ಅವನೇ ಹೆಸರಿನ ಅರ್ಥ ಬಿಡಿಸಿದ. ಓಬರ್ ಎಂದರೆ ಮೇಲಿನ, ವೈಯರ್ ಎಂದರೆ ಕೆರೆ. ನನಗೆ ಅನ್ನ ನೆತ್ತಿಗೇರಿತು. “ಸಾರ್, ಅದು ನನ್ನ ಹೆಸರು!” ಎಂದು ಕೆಮ್ಮುತ್ತಲೇ ಕಿರುಚಿದೆ. ಮೇಲಿನಕೆರೆಯ ಅರ್ಥ ಹೇಳಿದಾಗ ಅವನ ಕಣ್ಣು ತೇವವಾಯಿತು. ಸಂಜೆಯವರೆಗೆ ಕೂತು ‘ಮೇ-ಲಿ-ನ-ಕೆ-ರೆ’ ಕಲಿತ. ಡೆಟ್ರಾಯಿಟ್ ಹತ್ತಿರ ನಡೆಯುವ ಅವರ ಕುಟುಂಬದ ಪಿಕ್ನಿಕ್‌ಗೆ ನಾವೆಲ್ಲ ಬರಲೇಬೇಕೆಂದ.

ಹೆಂಡತಿ, ಮಗಳನ್ನು ಕೂರಿಸಿಕೊಂಡು ಡ್ರೈವ್ ಮಾಡಿದೆ. ಅಲ್ಲಿ ಅವನು ಬೆಂಚಿನ ಮೇಲೆ ನಿಂತು, ಒಂದಕ್ಷರ ಬಿಡದೆ ನನ್ನನ್ನು ಪರಿಚಯಿಸಿದ. ಓಬರ್‌ವೈಯರ್‌ಗಳೆಲ್ಲ ಚಪ್ಪಾಳೆ ತಟ್ಟಿದರು. ಹಿಗ್ಗಿನಲ್ಲಿ ನನಗೆ ನೆಲ ಕಾಣಲಿಲ್ಲ. ನಾನೂ ಬೆಂಚು ಹತ್ತಿದೆ. ಹೆಸರೆಂದರೆ ಹಿರಿಯರು ಕೊಟ್ಟದ್ದು, ಅದನ್ನು ಸೋಮಾರಿತನಕ್ಕೆ ಕತ್ತರಿಸುವವರಿಗೆ ಸಂಸ್ಕಾರವಿಲ್ಲ ಎಂದು ಆವೇಶದಿಂದ ಭಾಷಣ ಬಿಗಿದೆ. ಬಾಸ್ ನನ್ನನ್ನು ತಬ್ಬಿಕೊಂಡ.

ಅಷ್ಟರಲ್ಲಿ ಆರು ವರ್ಷದ ಮಗಳು ಅನಘಾ ಓಡಿಬಂದು, ನಾವು ಕಲಿಸಿದಂತೆ ಅವನಿಗೆ ಕೈಮುಗಿದಳು.

“ನಮಸ್ತೆ, ಓಬಯ್ಯ ಅಂಕಲ್!”

ಬಾಸ್ ನನ್ನ ಮುಖ ನೋಡಿದ. “ಹೂ ಈಸ್ ಓಬಯ್ಯ?”

ನಾನು ಸರೋಜಳ ಮುಖ ನೋಡಿದೆ. ಅವಳು ಆಲೂಗಡ್ಡೆ ಸಲಾಡಿನ ಕಡೆ ನಡೆದಳು. ಏನು ಮಾಡಲಿ ಹೇಳಿ, ಮನೆಯಲ್ಲಿ ಬೈಯುವ ಭರದಲ್ಲಿ ಅಷ್ಟುದ್ದದ ಹೆಸರು ಯಾರ ನಾಲಿಗೆಗೆ ಬರುತ್ತದೆ?